ಹೊಸ್ತಿಲು ದಾಟಿದ ‘ದಿವಂಗತ’

ಅರಸೀಕೆರೆ ಬಸ್ ಸ್ಟ್ಯಾಂಡ್ ಹಿಂದಿನ ಕಂಪ್ಯೂಟರ್ ಕ್ಲಾಸಿನ ಉಷಾರಾಣಿ ಮೇಡಂ ಪಾಠ ಮಾಡಿದರೆ ಎಂಥ ದಡ್ಡರಿಗೂ ತಲೆಗೆ ಹತ್ತುತ್ತಿತ್ತು. ಪ್ರೋಗ್ರಾಮಿನಲ್ಲಿ ಫಂಕ್ಷನ್ ಅಂದರೆ ಒಂದು ಮನೆ, ಒಳಗೆ ಹುಟ್ಟಿದ, ಮಾಹಿತಿ ಹಿಡಿದಿಡುವ ವೇರಿಯಬಲ್ ಹೊಸ್ತಿಲು ದಾಟಬಾರದು, ಹೊರಗಿನವರಿಗೆ ಸೇರಬೇಕಾದ್ದನ್ನು ಮಾತ್ರ ರಿಟರ್ನ್ ಮಾಡಬೇಕು ಎನ್ನುತ್ತಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಕೊಬ್ಬರಿ ವರ್ತಕರ ಸಂಘದ ವೆಬ್‌ಸೈಟನ್ನು ಅವರು ಬಾಣಾವರದ ಶಿಷ್ಯೆ ಮೇಘಶ್ರೀಯನ್ನು ಜೊತೆಗಿಟ್ಟುಕೊಂಡು ಮಾಡಿದರು. ಕೆಲಸ ಚೆನ್ನಾಗಿ ಬಂದರೆ ಸಂಘದ ಆಫೀಸಿನಲ್ಲಿ ನೌಕರಿ ಆ ಹುಡುಗಿಗೇ ಎಂದು ಅಧ್ಯಕ್ಷ ನಂಜಪ್ಪನವರು ಮಾತು ಕೊಟ್ಟಿದ್ದರು. ಸದಸ್ಯರ ಹೆಸರಿಗೆ ‘ಶ್ರೀ’ ಅಂತಲೋ, ತೀರಿಕೊಂಡಿದ್ದರೆ ‘ದಿವಂಗತ’ ಅಂತಲೋ ಸೇರಿಸಿ ರಿಟರ್ನ್ ಮಾಡುವ ಫಂಕ್ಷನ್ನನ್ನು ಮೇಡಂ ತಾವೇ ಅವಸರದಲ್ಲಿ ಬರೆದರು. ಆ ಪದ ಹಿಡಿದಿಡುವ ವೇರಿಯಬಲನ್ನು ಮಾತ್ರ ಫಂಕ್ಷನ್ನಿನ ಹೊರಗೇ ಬಿಟ್ಟರು.

ಉದ್ಘಾಟನೆಯ ದಿನ ಪರದೆಯ ಮೇಲೆ ಹೆಸರುಗಳು ಮೂಡಿದವು. ಪಟ್ಟಿಯಲ್ಲಿದ್ದ ಹಳೆಯ ಸದಸ್ಯ ದೇವರಾಜ್ ನಿಜಕ್ಕೂ ದಿವಂಗತರೇ, ತಪ್ಪಿಲ್ಲ. ಆದರೆ ಅವರಿಗಾಗಿ ಬದಲಾದ ಪದ ಹೊರಗೇ ಕೂತು, ಅವರ ಕೆಳಗಿದ್ದವರಿಗೆಲ್ಲ ಅಂಟಿಕೊಂಡಿತು. ‘ದಿವಂಗತ ನಂಜಪ್ಪ’ ಎಂದು ಕಂಡದ್ದೇ ಅವರ ಹೆಂಡತಿ ಶಾಂತಾದೇವಿ ತಾಳಿ ಹಿಡಿದುಕೊಂಡರು.

“ನಾನ್ಯಾವಾಗ ಹೋದ್ನಮ್ಮಾ?” ಎಂದರು ನಂಜಪ್ಪ. ಅವರ ಮುಖದಲ್ಲಿ ನಗುವಿರಲಿಲ್ಲ.

“ಅದು ಮೇಘಶ್ರೀ ಬರ್ದಿದ್ದು ಸಾರ್,” ಎಂದುಬಿಟ್ಟರು ಉಷಾರಾಣಿ.

ಹುಡುಗಿ ತಲೆ ತಗ್ಗಿಸಿದಳು. ನೌಕರಿಯ ಮಾತು ಅಲ್ಲಿಗೇ ನಿಂತಿತು.

ಕೋಡಿನ ಒಂದು ಸಾಲನ್ನು ಫಂಕ್ಷನ್ನಿನ ಒಳಗೆ ತಂದದ್ದೇ ಸುಳ್ಳೇ ಸತ್ತಿದ್ದವರೆಲ್ಲ ಎದ್ದು ಕೂತರು. ಬಾಯಿಂದ ಬಿದ್ದ ಮಾತನ್ನು ಒಳಗೆ ತರುವುದು ಹೇಗೆ? ಮರುದಿನ ಕ್ಲಾಸಿನಲ್ಲಿ ಉಷಾರಾಣಿ ಆ ಹುಡುಗಿಯ ಕಣ್ಣು ತಪ್ಪಿಸಲು ಬೋರ್ಡಿಗೆ ಮುಖ ಮಾಡಿಕೊಂಡೇ ಪಾಠ ಮಾಡಿದರು. ತನ್ನ ಮೇಲೆ ತನಗೇ ಹೇಸಿಗೆ. ಕೊನೆಗೆ ತಡೆಯಲಾರದೆ, ಅವತ್ತು ಯಾಕೆ ನಿಜ ಹೇಳಲಿಲ್ಲ ಎಂದು ಅವಳನ್ನೇ ಕೇಳಿದರು.

“ಒಳಗಿಂದು ಹೊಸ್ತಿಲು ದಾಟಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ರಲ್ಲ ಮೇಡಂ.”

ದನಿಯಲ್ಲಿ ಕೊಂಕಿರಲಿಲ್ಲ. ಕೆನ್ನೆಗೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಅವತ್ತೇ ಮಧ್ಯಾಹ್ನ ಉಷಾರಾಣಿ ನಂಜಪ್ಪನವರ ಮಂಡಿಗೆ ಹೋದರು. ಕೊಬ್ಬರಿ ತೂಕ ನಡೆದಿತ್ತು, ವ್ಯಾಪಾರಿಗಳು ನೆರೆದಿದ್ದರು. ನಂಜಪ್ಪ ಕುರ್ಚಿ ಎಳೆದು ಕೊಟ್ಟರು.

“ಅದನ್ನ ಬರ್ದೋಳು ನಾನು ಸಾರ್. ಹುಡುಗಿ ಮೇಲೆ ಹಾಕ್ದೆ.”

ತೂಕ ನಿಂತಿತು. ನಂಜಪ್ಪ ನಾಳೆಯಿಂದಲೇ ಮೇಘಶ್ರೀಯನ್ನು ಕೆಲಸಕ್ಕೆ ಕರೆಯುವಂತೆ ಗುಮಾಸ್ತನಿಗೆ ಹೇಳಿ, ಇವರತ್ತ ತಿರುಗಿದರು.

“ನನ್ನ ಸಾಯ್ಸಿದ್ದಕ್ಕೆ ಬೇಜಾರಿಲ್ಲ ಕಣಮ್ಮ. ಆ ಮಗೂನ ಬದುಕಿದ್ದಂಗೇ ಸಾಯ್ಸಿದ್ಯಲ್ಲ.”

ಕುರ್ಚಿ ಪಕ್ಕದಲ್ಲೇ ಇತ್ತು. ಉಷಾರಾಣಿ ಕೂರಲಿಲ್ಲ.