ಶೂವಿನೊಳಗೆ ಕೈಯಿಟ್ಟ ಬಾಬಾಯಿ

ಹರಳೆಣ್ಣೆಯ ವಾಸನೆ ಬಂದರೆ ನಮ್ಮ ಕಡೆಯವರಿಗೆ ಎಳೆಮಕ್ಕಳ ನೆತ್ತಿ ನೆನಪಾಗುತ್ತದೆ. ನನಗೆ ನೆನಪಾಗುವುದು ಸೇಫ್ಟಿ ಶೂ. ಹೋದ ವಾರ ಅನಕಾಪಲ್ಲಿಯಲ್ಲಿ ಬೆಲ್ಲ ಕೊಳ್ಳಲು ನಿಂತಿದ್ದೆ. ಪಕ್ಕದ ಅಂಗಡಿಯವನು ಹರಳೆಣ್ಣೆಯ ಡಬ್ಬದ ಮುಚ್ಚಳ ತೆಗೆದ. ಅಷ್ಟೊಂದು ಬೆಲ್ಲದ ಘಮವನ್ನು ದಾಟಿಕೊಂಡು ಆ ಜಿಡ್ಡುವಾಸನೆ ಬಂದದ್ದೇ ತಡ, ದುವ್ವಾಡದ ಆ ಮನೆ, ಮೆಟ್ಟಿಲ ಮೇಲೆ ಕೂತ ಬಾಬಾಯಿ...

ಆಗ ನಾನು ದಾವಣಗೆರೆಯಿಂದ ತೆಲುಗುನಾಡಿನ ಪರವಾಡದ ಔಷಧಿ ಕಾರ್ಖಾನೆಗೆ ಕೆಲಸಕ್ಕೆ ಬಂದ ಹೊಸತು. ದುವ್ವಾಡದಲ್ಲಿ ಮಹಡಿಯ ಮೇಲಿನ ಒಂದು ಕೋಣೆ ಹಿಡಿದಿದ್ದೆ. ಕೆಳಮನೆಯಲ್ಲಿ ನಮ್ಮ ಕಾರ್ಖಾನೆಯದೇ ಹಿರಿಯ ಫಿಟ್ಟರ್ ಒಬ್ಬರಿದ್ದರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ವಿಜಯವಾಡದಲ್ಲಿದ್ದಳು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಬೀದಿಯವರೆಲ್ಲ ಅವರನ್ನು ಬಾಬಾಯಿ ಅನ್ನುತ್ತಿದ್ದರು, ಅಂದರೆ ಚಿಕ್ಕಪ್ಪ. ನಾನೂ ಹಾಗೇ ಕರೆದೆ.

ಕಂಪನಿ ಕೊಟ್ಟ ನನ್ನ ಶೂಗಳು ಐದನೇ ತಿಂಗಳಿಗೇ ಬಾಯಿ ಬಿಡತೊಡಗಿದ್ದವು. ಬಾಬಾಯಿಯವು ನಾಲ್ಕನೇ ವರ್ಷದಲ್ಲೂ ಗಟ್ಟಿಯಾಗಿದ್ದವು. ಅದೇ ಕಾರ್ಖಾನೆ, ಅದೇ ನೆಲ, ಹೋಗಿಬರುವ ಬಸ್ಸೂ ಅದೇ. ಹಾಗಾದರೆ ಗುಟ್ಟೇನು? ಕಂಡವರ ವಿಷಯದಲ್ಲಿ ಮೂಗು ತೂರಿಸುವುದು ನನ್ನ ಹುಟ್ಟುಗುಣ, ಸುಟ್ಟರೂ ಹೋಗುವಂಥದ್ದಲ್ಲ. ಅವರ ಬೆನ್ನು ಬಿದ್ದೆ.

ಮೊದಲ ಪಾಠ ಫಜೀತಿಯದು. ತೊಳೆದ ಶೂಗಳನ್ನು ಅಂಗಳದ ಬಿಸಿಲಿಗೆ ಇಟ್ಟಿದ್ದೆ. ಬಾಬಾಯಿ ಅವನ್ನು ಎತ್ತಿ ಹಿಡಿದು ಗಂಭೀರವಾಗಿ ಹೇಳಿದರು:

"ಎಂಡಲೋ ವದ್ದು ಬಾಬು. ನೀಡಲೋ ಪೆಟ್ಟು."

ತೆಲುಗು ಬಾರದ ನನ್ನ ಕಿವಿಗೆ ಬಿದ್ದದ್ದು ಹೆಂಡ, ಒದ್ದು, ಕೊನೆಗೆ 'ನೀಡಲೋ ಪೆಟ್ಟು?' ಶೂ ತೊಳೆದದ್ದಕ್ಕೆ ಹೊಡೆಯುವುದೇ? ಅದೂ ಹೊಡೆಯಲೋ ಬೇಡವೋ ಎಂದು ನನ್ನನ್ನೇ ಕೇಳಿಕೊಂಡು? ಎರಡು ಹೆಜ್ಜೆ ಹಿಂದೆ ಸರಿದು, "ನಾ ಕುಡಿಯಲ್ಲ ಬಾಬಾಯಿ," ಅಂದೆ. ಅವರು ನನ್ನ ಮುಖ ನೋಡಿ, ಹುಡುಗನಿಗೆ ಏನೋ ಆಗಿದೆ ಎಂಬಂತೆ ತಲೆಯಾಡಿಸಿ, ಶೂಗಳನ್ನು ತಾವೇ ಒಯ್ದು ಮೆಟ್ಟಿಲ ಕೆಳಗಿನ ನೆರಳಿನಲ್ಲಿಟ್ಟರು. ಆಗ ಹೊಳೆಯಿತು. ಎಂಡ ಅಂದರೆ ಬಿಸಿಲು, ನೀಡ ಅಂದರೆ ನೆರಳು. ಬಿಸಿಲಿಗೆ ಬೇಡ, ನೆರಳಲ್ಲಿ ಇಡು ಎಂದಿದ್ದರು. ಬಿಸಿಲಿಗೆ ಅಟ್ಟೆಯ ಅಂಟು ಬಿಡುತ್ತದೆ, ಚರ್ಮ ಬಿರಿಯುತ್ತದೆ.

ಅಂದಿನಿಂದ ಸಂಜೆ ಬಸ್ಸಿಳಿದು ಅವರ ಪಕ್ಕ ಕೂರುವುದು ಅಭ್ಯಾಸವಾಯಿತು. ನಾನು ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿ ಮೆಟ್ಟಿ ಶೂ ಕಳಚುವವನು. ಅವರು ಲೇಸನ್ನು ಕೊನೆಯ ತೂತಿನವರೆಗೂ ಸಡಿಲಿಸಿ ಬಿಚ್ಚುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಸಂದಿಯ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಒಳಗೆ ಪೇಪರಿನ ಉಂಡೆ ತುರುಕುತ್ತಿದ್ದರು. ಬೆವರನ್ನೆಲ್ಲ ಅದು ಕುಡಿದುಬಿಡುತ್ತದಂತೆ. ಭಾನುವಾರ ಹರಳೆಣ್ಣೆ, ಬೆರಳ ತುದಿಯಷ್ಟು ಮಾತ್ರ.

ಒಂದು ಮಾತ್ರ ಅರ್ಥವಾಗಲಿಲ್ಲ. ಶೂ ಕಳಚಿದ ಕೂಡಲೇ ಅದರೊಳಗೆ ಮಣಿಕಟ್ಟಿನವರೆಗೆ ಕೈಹಾಕಿ, ಕಣ್ಣು ಮುಚ್ಚಿ, ಮೂಲೆಮೂಲೆಯನ್ನೂ ಸವರುತ್ತಿದ್ದರು. ಬೆಳಿಗ್ಗೆ ಹಾಕಿಕೊಳ್ಳುವ ಮುಂಚೆ ಮತ್ತೊಮ್ಮೆ. ಚೇಳಿನ ಭಯವಿರಬೇಕು ಅಂದುಕೊಂಡೆ. ಕೇಳಿದರೆ ನಕ್ಕು ಮಾತು ಮರೆಸುತ್ತಿದ್ದರು.

ಒಂದು ಸಂಜೆ ಹೊರಬಂದ ಕೈಯಲ್ಲಿ ಉಗುರಿನಷ್ಟು ಕಬ್ಬಿಣದ ಚೂರಿತ್ತು. ಕಾಲುಚೀಲದ ಅಡಿ ರಕ್ತದಲ್ಲಿ ನೆಂದಿತ್ತು. ಇಡೀ ದಿನ ಅದರ ಮೇಲೇ ನಡೆದಾಡಿದ್ದರು. ನೋವಾಗಲಿಲ್ಲವೇ ಎಂದೆ. ಚೂರನ್ನು ಪೇಪರಿನಲ್ಲಿ ಸುತ್ತಿಟ್ಟು ಹೇಳಿದರು. ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಪಾದಗಳಿಗೆ ಸ್ಪರ್ಶವೇ ಇಲ್ಲ. ಶೂವಿನೊಳಗೆ ಒಂದು ಬಿರುಕೆದ್ದರೂ ಹುಣ್ಣಾಗುತ್ತದೆ, ಹುಣ್ಣು ಕೆಟ್ಟರೆ ಕಾಲೇ ಹೋಗುತ್ತದೆ. ಕಾಲು ಹೇಳದ್ದನ್ನು ಅವರು ಕೈಯಿಂದ ಕೇಳಿ ತಿಳಿಯುತ್ತಿದ್ದರು. ನಾನು ಶೂ ಬಾಳಿಕೆಯ ಗುಟ್ಟು ಹುಡುಕುತ್ತಿದ್ದರೆ, ಅವರು ಕಾಲು ಉಳಿಸಿಕೊಳ್ಳುವ ಪಾಡಿನಲ್ಲಿದ್ದರು.

ಕಂಪನಿ ಡಾಕ್ಟರಿಗೆ ತಿಳಿದರೆ ಯಂತ್ರಗಳ ಹತ್ತಿರ ಬಿಡುವುದಿಲ್ಲ, ಕಡೆಯ ವರ್ಷದಲ್ಲಿ ಮನೆಗೆ ಕಳಿಸುತ್ತಾರೆ ಎಂಬ ಹೆದರಿಕೆ ಅವರದು. "ಎವರಿಕೀ ಚೆಪ್ಪಕು ಬಾಬು," ಅಂದರು. ಯಾರಿಗೂ ಹೇಳಬೇಡ.

"ಹೇಳಲ್ಲ ಬಾಬಾಯಿ," ಅಂದೆ.

ಹೇಳಲಿಲ್ಲ. ಅವರು ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತು ನಿವೃತ್ತರಾದರು. ದುವ್ವಾಡ ಸ್ಟೇಷನ್ನಿನಲ್ಲಿ ವಿಜಯವಾಡದ ರೈಲು ಹತ್ತಿಸಿದೆ. ಹೊಸ ಚಪ್ಪಲಿ ಹಾಕಿದ್ದರು, ರಜೆಗೆ ಹೊರಟವರ ಹಾಗೆ ಕೈಬೀಸಿದರು...

ಮರುವರ್ಷವೇ ಅವರು ತೀರಿಕೊಂಡ ಸುದ್ದಿ ಬಂತು. ವಿಜಯವಾಡಕ್ಕೆ ಹೋದೆ. ಮಗಳು ಮಜ್ಜಿಗೆ ಕೊಟ್ಟು, ನಡೆದದ್ದನ್ನು ಹೇಳಿದಳು. ಬೇಸಿಗೆಯ ಒಂದು ಮಧ್ಯಾಹ್ನ, ಒಣಹಾಕಿದ್ದ ಸಂಡಿಗೆ ತಿರುವಿಹಾಕುತ್ತೇನೆಂದು ತಂದೆ ಬರಿಗಾಲಲ್ಲಿ ತಾರಸಿಗೆ ಹೋದರಂತೆ. ನಿಧಾನವಾಗಿ ಎಲ್ಲ ತಿರುವಿ, ಇಳಿದು ಬಂದು ಊಟ ಮಾಡಿದರಂತೆ. ಸಂಜೆ ನೆಲದ ಮೇಲೆ ಒದ್ದೆ ಹೆಜ್ಜೆಗಳನ್ನು ಕಂಡು, ಯಾರು ನೀರು ಚೆಲ್ಲಿದರು ಎಂದು ಅವಳು ನೋಡಿದರೆ, ಅಂಗಾಲಿನ ಬೊಬ್ಬೆಗಳು ಒಡೆದಿದ್ದವು. ಮೊದಲು ಪಾದ ತೆಗೆದರು, ಆಮೇಲೆ ಮೊಣಕಾಲವರೆಗೆ. ಆದರೂ ನಂಜು ನಿಲ್ಲಲಿಲ್ಲ.

"ಕಾಲಿಗೆ ಸುಡೋದು ಗೊತ್ತಾಗಲ್ಲ ಅಂತ ನಾನ್ನ ಒಂದು ಮಾತು ಹೇಳಿದ್ದರೆ ನಾನು ಚಪ್ಪಲಿ ಇಲ್ಲದೆ ಬಿಡ್ತಿದ್ದೆನಾ?" ಎಂದಳು ತೆಲುಗಿನಲ್ಲಿ. ನಾನ್ನ ಅಂದರೆ ಅಪ್ಪ. ಆಮೇಲೆ ನನ್ನನ್ನು ನೋಡಿದಳು. "ನೀಕೇಮೈನಾ ತೆಲುಸಾ ತಮ್ಮುಡೂ?" ನಿನಗೇನಾದರೂ ಗೊತ್ತಿತ್ತಾ ತಮ್ಮಾ?

"ತೆಲೀದಕ್ಕಾ," ಅಂದೆ. ಗೊತ್ತಿಲ್ಲ ಅಕ್ಕಾ. ಅಷ್ಟು ಹೊತ್ತಿಗೆ ನನ್ನ ತೆಲುಗು ಚೆನ್ನಾಗಿಯೇ ಇತ್ತು.

ಬಾಬಾಯಿ ಮುಚ್ಚಿಡಲು ಹೇಳಿದ್ದು ಕಂಪನಿಯಿಂದ, ಮಗಳಿಂದಲ್ಲ. ಅವರು ರೈಲು ಹತ್ತಿದ ದಿನವೇ ಆ ಮಾತಿನ ಅವಧಿ ಮುಗಿದಿತ್ತು. ಒಂದು ಫೋನು ಮಾಡಿದ್ದರೆ ಸಾಕಿತ್ತು ಎಂಬುದು ನನಗೆ ಇಂದಿಗೂ ನುಂಗಲಾಗದ ತುತ್ತು. ಅವರಿಲ್ಲದ್ದಕ್ಕೆ ದುಃಖವಿದೆ, ಅದಕ್ಕಿಂತ ಹೆಚ್ಚು ನಾಚಿಕೆಯಿದೆ.

ಈಗಲೂ ಪ್ರತಿ ಬೇಸಿಗೆ ಅಕ್ಕ ವಿಜಯವಾಡದಿಂದ ಒಂದು ಡಬ್ಬ ಆವಕಾಯ ಉಪ್ಪಿನಕಾಯಿ ಕಳಿಸುತ್ತಾಳೆ. ತಲುಪಿತೇ ಎಂದು ಫೋನು ಮಾಡುತ್ತಾಳೆ. ಅಲ್ಲಿ ಒಂಟಿಯಾಗಿದ್ದಾಗ ನಾನ್ನನ್ನು ನೋಡಿಕೊಂಡವನು ನೀನೊಬ್ಬನೇ ತಮ್ಮುಡೂ, ಅನ್ನುತ್ತಾಳೆ. ನಾನು ಹೂಂ ಅನ್ನುತ್ತೇನೆ.