ನಾನು ಕೊಟ್ಟ ಅವರೆಕಾಳು

ಸಿದ್ದರಾಜಣ್ಣನ ಜೇಬಿನಲ್ಲಿ ಸಿಕ್ಕಿದ ಅವರೆಕಾಳು ನಾನು ಕೊಟ್ಟದ್ದು. ಕೊಟ್ಟಿಲ್ಲ ಎಂದು ಊರಿನವರ ಮುಂದೆ ಸುಳ್ಳು ಹೇಳಿದವಳೂ ನಾನೇ. ಆ ಒಂದು ಮಾತಿನಿಂದ ಅವನು ಮೋಸಗಾರ ಎನಿಸಿಕೊಂಡು ಊರು ಬಿಟ್ಟ. ಒಡಹುಟ್ಟಿದ ಅಕ್ಕ ಅವನು ಸಾಯುವವರೆಗೂ ಅವನ ಜೊತೆ ಮಾತಾಡಲಿಲ್ಲ. ಮತ್ತೆ — ಇದನ್ನು ಹೇಗೆ ಹೇಳಲಿ — ನಮ್ಮೂರಲ್ಲಿ ಮೊದಲ ಸಲ ಎಲ್ಲರಿಗೂ ತೆರೆದಿದ್ದ ಬಾಗಿಲು ಅವತ್ತೇ ಮುಚ್ಚಿಹೋಯಿತು.

ನಾನು ನಂಜಮಣಿ. ಬಿಳಿಗೆರೆ ಕಡೆಯ ಒಂದು ಹಳ್ಳಿಯಲ್ಲಿ ಬಟ್ಟೆ ಹೊಲಿದುಕೊಂಡಿದ್ದೇನೆ. ಊರಿನ ಹೆಸರು ಬೇಡ, ತಪ್ಪು ನನ್ನದೇ ಹೊರತು ಊರಿನದಲ್ಲ.

ಪಂಚಾಯ್ತಿ ಚುನಾವಣೆಗೆ ಪಾರ್ಟಿ ಗುರುತು ಇರುವುದಿಲ್ಲ, ನಿಜ. ಆದರೆ ನಮ್ಮ ವಾರ್ಡಿನಲ್ಲಿ ಹಿಂದಿನಿಂದಲೂ ಒಂದೇ ಪಾರ್ಟಿಯ ಜೋರು. ಅದರ ಹಿರಿಯರಾದ ಶಿವಣ್ಣನವರ ಜಗುಲಿಯಲ್ಲಿ ಕೂತು ಪಾರ್ಟಿಯವರು ಯಾರನ್ನು ನಿಲ್ಲಿಸುತ್ತಾರೋ ಅವರೇ ಮೆಂಬರು, ಆಮೇಲೆ ಓಟು ಹಾಕುವುದೆಲ್ಲ ಶಾಸ್ತ್ರಕ್ಕೆ. ಯಾವ ಪಾರ್ಟಿಗೂ ಸೇರದವರು, ಅಂದರೆ ನಾಲೆಯಾಚೆಯ ಕೇರಿಯವರು, ಕೂಲಿಯವರು, ಯಾರ ಹಂಗೂ ಬೇಡ ಎಂದು ತಮ್ಮ ಪಾಡಿಗೆ ಇದ್ದವರು, ಆ ಜಗುಲಿ ಹತ್ತುವಂತಿರಲಿಲ್ಲ.

ಅದು ಯಾಕೆ ಹಾಗೆ ಎಂದು ಕೇಳಿದವಳು ಮಂಗಳಕ್ಕ. ನಾಲೆಯಾಚೆ ಅರ್ಧ ಎಕರೆಯಲ್ಲಿ ಸೊಪ್ಪು ಬೆಳೆದು ನರಸೀಪುರದ ಸಂತೆಗೆ ಹೊರುವವಳು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಅತ್ತೆಗೂ ನನಗೂ ಮಾತುಕತೆ ಇಲ್ಲದ ಕಾಲದಲ್ಲಿ, ನನ್ನ ಬಾಣಂತನ ಮಾಡಿದವಳು. ನನ್ನ ಮಗನಿಗೆ ಮೊದಲ ನೀರು ಹಾಕಿದ್ದು ಅವಳ ಕೈ. ಒಂದು ದಿನ ಆ ಮಂಗಳಕ್ಕ ಶಿವಣ್ಣನವರ ಜಗುಲಿಯ ಕೆಳಗೆ ಸೊಪ್ಪಿನ ಮಂಕರಿ ಇಳಿಸಿ ನಿಂತೇಬಿಟ್ಟಳು.

"ಓಟ್ ಆಕೋ ದಿನ ಮನೆಮನೆಗೆ ಬಂದು ಕರೀತೀರಿ. ಆಳ್ನ ಆರ್ಸೋ ದಿನ ಮಾತ್ರ ಬಾಗ್ಲಾಕ್ಕೊತೀರಿ. ಪಾರ್ಟಿ ಇಲ್ದೋರ್ಗೆ ಬುದ್ಧಿ ಇಲ್ವಾ ಬುದ್ಧೀ?"

ಎಲ್ಲರೂ ನಕ್ಕರು. ಅವಳು ಬಿಡಲಿಲ್ಲ. ಸಂತೆ ಇಲ್ಲದ ದಿನವೆಲ್ಲ ಮನೆಮನೆಗೆ ಹೋಗಿ ಕೂತಳು, ಬೈಸಿಕೊಂಡಳು, ಮತ್ತೆ ಹೋದಳು. ಕೊನೆಗೆ ಅವಳ ಕಾಟ ತಡೆಯಲಾರದೆ ಶಿವಣ್ಣನವರು, "ಆಗ್ಲಿ ಕಣವ್ವ, ಒಂದ್ ಸಲ ನೋಡ್ಬುಡವ" ಎಂದರು. ಪಾರ್ಟಿಯ ಕಡೆಯಿಂದ ಯಾರು ನಿಲ್ಲಬೇಕೆಂದು ವಾರ್ಡಿನ ಎಲ್ಲರನ್ನೂ ಕೇಳುವುದೆಂದಾಯಿತು. ಇಬ್ಬರು ಮುಂದೆ ಬಂದರು. ಒಬ್ಬರು ಶಿವಣ್ಣನವರ ನೆಚ್ಚಿನವರಾದ ನನ್ನ ಗಂಡ. ಇನ್ನೊಬ್ಬಳು ನಾಲೆಯಾಚೆಯ ಕೂಲಿಯವರ ಮಗಳು ರತ್ನ; ನಾಲೆಗೊಂದು ಕಾಲುಸೇತುವೆ ಮಾಡಿಸುತ್ತೇನೆ ಎಂದು ನಿಂತವಳು.

ಸ್ಕೂಲಿನ ಒಂದು ಕೋಣೆಯಲ್ಲಿ ಎರಡು ಮಡಕೆ ಇಟ್ಟರು. ಅರಿಸಿನ ಬಳಿದದ್ದು ನನ್ನ ಗಂಡನದು, ಕುಂಕುಮ ಬಳಿದದ್ದು ರತ್ನಳದು. ಬಾಗಿಲಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅವರೆಕಾಳು ಕೊಡುವುದು, ಅವರು ಒಬ್ಬರೇ ಒಳಗೆ ಹೋಗಿ ತಮಗೆ ಬೇಕಾದ ಮಡಕೆಗೆ ಹಾಕಿ ಬರುವುದು. ಕಾಳು ಕೊಡಲು ಯಾರು ನಿಲ್ಲಬೇಕು ಎಂದು ಚರ್ಚೆ ಎದ್ದಿತು.

"ಮಣಿ ಕೊಡ್ಲಿ" ಎಂದಳು ಮಂಗಳಕ್ಕ. "ಅವ್ಳ ಗಂಡನೇ ನಿಂತವ್ನೆ ಅಂತ ನಂಗೂ ಗೊತ್ತು. ಆದ್ರೂ ಅವ್ಳೇ ಕೊಡ್ಲಿ."

ಅವತ್ತು ನಾಲೆಯಾಚೆಯ ಜನ ಹಬ್ಬಕ್ಕೆ ಬರುವಂತೆ ತಲೆ ಬಾಚಿಕೊಂಡು ಬಂದರು. ಒಬ್ಬಳು ಮುದುಕಿ ಕಾಳನ್ನು ಅಂಗೈಯಲ್ಲಿ ಹಿಡಿದು, "ಇದ್ ನಂದೇ ಏನವ್ವ?" ಎಂದು ಕೇಳಿದಳು. ನಿಂದೇ ಕಣಜ್ಜಿ ಎಂದೆ. ಆ ಮುಖವನ್ನು ನಾನು ಇನ್ನೂ ಮರೆತಿಲ್ಲ.

ಸಾಲು ಮುಗಿದ ಮೇಲೆ ಮಂಗಳಕ್ಕನ ತಮ್ಮ ಸಿದ್ದರಾಜಣ್ಣ ತಿರುಗಿ ನನ್ನ ಹತ್ತಿರ ಬಂದ. ಆಟೋ ಓಡಿಸುತ್ತಿದ್ದವನು, ನಗಿಸದೆ ಮುಂದೆ ಹೋಗದವನು. ಮಡಿಲಲ್ಲಿ ಉಳಿದಿದ್ದ ಕಾಳು ನೋಡಿ, "ಒಳ್ಳೆ ದಪ್ಪ್ ಕಾಳು ಕಣಮ್ಮಿ. ಬೇಲಿಗಾಕ್ತೀನಿ, ಒಂದಿಡಿ ಕೊಡು" ಎಂದ. ಕೊಟ್ಟೆ. ಜೇಬಿಗೆ ಹಾಕಿಕೊಂಡು ಹೋದ. ಆಗ ಯಾರೂ ನಮ್ಮ ಕಡೆ ನೋಡುತ್ತಿರಲಿಲ್ಲ.

ಕಾಳು ಎಣಿಸಿದರು. ಕುಂಕುಮದ ಮಡಕೆ ಗೆದ್ದಿತ್ತು.

ನನ್ನ ಗಂಡನ ಕಡೆಯವರು ಎದ್ದುನಿಂತು ಕೂಗಾಡಿದರು. ಅವರೆ ಕಾಲ, ಎಲ್ಲರ ಮನೆಯಲ್ಲೂ ಕಾಳಿದೆ, ನಮ್ಮ ಕಡೆ ಸೋಲುವವಳು ನಿಲ್ಲಲೆಂದು ಎದುರು ಪಾರ್ಟಿಯವರು ಬೇಕೆಂದೇ ಮನೆಯಿಂದ ತಂದು ಸುರಿದಿದ್ದಾರೆ ಎಂದರು. ನಮಗ್ಯಾರಿಗೂ ಮೊದಲೇ ಅದು ಹೊಳೆದಿರಲಿಲ್ಲ — ಎಲ್ಲರ ಮನೆಯಲ್ಲೂ ಇರುವ ಕಾಳನ್ನೇ ಆರಿಸಿಕೊಂಡಿದ್ದೆವು, ಬಂದವರ ಲೆಕ್ಕವನ್ನೂ ಇಟ್ಟಿರಲಿಲ್ಲ. ಗಂಡಸರ ಜೇಬು ನೋಡತೊಡಗಿದರು. ಸಿದ್ದರಾಜಣ್ಣನ ಜೇಬಿನಿಂದ ಒಂದು ಹಿಡಿ ಅವರೆಕಾಳು ನೆಲಕ್ಕೆ ಬಿತ್ತು. ಹಿಂದಿನ ಎಮ್ಮೆಲ್ಲೆ ಚುನಾವಣೆಯಲ್ಲಿ ಬಾಡಿಗೆಗೆಂದು ಅವನ ಆಟೋಗೆ ಆ ಎದುರು ಪಾರ್ಟಿಯ ಬಾವುಟ ಕಟ್ಟಿದ್ದು ಎಲ್ಲರಿಗೂ ನೆನಪಿತ್ತು.

ಅವನು ನಕ್ಕ. "ಅಯ್ಯೋ, ಮಣಿ ಕೊಟ್ಟಿದ್ದು ಕಣ್ರಪ್ಪ. ಕೇಳಿ ಅವ್ಳ್ನೇ" ಎಂದ.

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಗಂಡನೂ ನೋಡಿದರು. ಅವರು ಹೇಳಿಕೊಟ್ಟರು ಎನ್ನಲಾರೆ, ಬರೀ ನೋಡಿದರು. 'ಮೆಂಬರ್ ಮನೆಯವರು' ಎಂದು ಕರೆಸಿಕೊಳ್ಳುವ ಆಸೆ ಅವರಿಗಿಂತ ನನಗೇ ಹೆಚ್ಚಿತ್ತು. ಕೂಲಿಯವರ ಮಗಳ ಮುಂದೆ ನನ್ನ ಗಂಡ ಸೋತದ್ದನ್ನು ನನಗೆ ತಡೆಯಲಾಗಲಿಲ್ಲ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ — ಸಿಕ್ಕಿಲ್ಲ.

"ನಾನ್ ಕೊಟ್ಟಿಲ್ಲ" ಎಂದೆ.

ಸಿದ್ದರಾಜಣ್ಣನ ನಗು ಹಾಗೇ ನಿಂತುಹೋಯಿತು. ನನ್ನ ಮುಖವನ್ನೇ ನೋಡಿದ, ನಾನು ತಮಾಷೆ ಮಾಡುತ್ತಿದ್ದೇನೇನೋ ಎಂಬಂತೆ. ಆಮೇಲೆ, "ಗುಡಿ ಮುಂದೆ ಕರ್ಪೂರ ಅಚ್ಚಿ ಆಣೆ ಮಾಡ್ತೀನಿ. ಮಣಿನೂ ಮಾಡ್ಲಿ" ಎಂದ.

ನಮ್ಮಲ್ಲಿ ಕರ್ಪೂರ ಹಚ್ಚಿ ಸುಳ್ಳು ಹೇಳುವ ಧೈರ್ಯ ಯಾರಿಗೂ ಇಲ್ಲ. ಕರ್ಪೂರ ಬಂದಿದ್ದರೆ ನಿಜ ಹೇಳುತ್ತಿದ್ದೆನೋ ಏನೋ — ಹಾಗೆಂದುಕೊಳ್ಳುವ ಹಕ್ಕೂ ನನಗಿಲ್ಲ. ಯಾಕೆಂದರೆ ಮಂಗಳಕ್ಕ ನಡುವೆ ಬಂದು ನಿಂತಳು.

"ಕರ್ಪೂರ ಬ್ಯಾಡ. ನಮ್ ಮಣಿ ಸುಳ್ಳೇಳಲ್ಲ." ತಮ್ಮನ ಕಡೆ ತಿರುಗಿದಳು. "ಎಲ್ರ ಮುಂದೆ ನನ್ ಮಖಕ್ಕೆ ಮಸಿ ಬಳ್ದಲ್ಲೋ ಸಿದ್ದ. ಓಗು, ನನ್ ಕಣ್ಮುಂದೆ ನಿಂತ್ಕಬ್ಯಾಡ."

ಅವನು ಬಗ್ಗಿ, ಚೆಲ್ಲಿದ್ದ ಕಾಳನ್ನೆಲ್ಲ ಆರಿಸಿ ಜೇಬಿಗೆ ಹಾಕಿಕೊಂಡು ಹೋದ.

"ಕಂಡೋರ್ನೆಲ್ಲ ಒಳಕ್ ಬುಟ್ರೆ ಇಂಗೇ ಆಗೋದು" ಎಂದು ಶಿವಣ್ಣನವರು ಮಡಕೆ ಎತ್ತಿಸಿದರು. ಮಂಗಳಕ್ಕ ತಲೆ ತಗ್ಗಿಸಿ ಕೇಳಿಕೊಂಡಳು. ಜಗುಲಿಯಲ್ಲಿ ನನ್ನ ಗಂಡನ ಹೆಸರು ಹೇಳಿದರು, ಎದುರಿಗೆ ಯಾರೂ ನಿಲ್ಲಲಿಲ್ಲ. ನಾನು ಮೆಂಬರ್ ಮನೆಯವರಾದೆ. ನಾಲೆಗೆ ಸೇತುವೆ ಆಗಲಿಲ್ಲ.

ಸಿದ್ದರಾಜಣ್ಣ ಹೆಂಡತಿಯ ಊರಾದ ಹೆಮ್ಮಿಗೆಗೆ ಹೋಗಿ ನೆಲೆಸಿದ. ಹಬ್ಬಕ್ಕೆ ಅಕ್ಕನನ್ನು ಕರೆಯಲು ಬಂದರೆ ಅವಳು ಕದ ತೆರೆಯುತ್ತಿರಲಿಲ್ಲ. ಆ ಕದದ ಒಳಗೆ ಎಷ್ಟೋ ಸಲ ನಾನೂ ಕೂತಿದ್ದೆ — ಅವಳು ಮಾಡಿಕೊಟ್ಟ ಕಾಫಿ ಕುಡಿಯುತ್ತ.

ಈ ವರ್ಷ ಅವನು ಎದೆನೋವೆಂದು ಕೂತವನು ಏಳಲಿಲ್ಲ. ನರಸೀಪುರದಲ್ಲಿ ಬಸ್ಸು ಬದಲಿಸಿ ಹೆಮ್ಮಿಗೆಗೆ ಹೋದೆವು, ನಾನೂ ಮಂಗಳಕ್ಕನೂ. ದಾರಿಯುದ್ದಕ್ಕೂ ಅವಳು ಅಳಲಿಲ್ಲ. ಮನೆಯ ಹಿಂದಿನ ಬೇಲಿಯ ತುಂಬ ಅವರೆ ಹಬ್ಬಿ ಹೂ ಬಿಟ್ಟಿತ್ತು. "ನಿಮ್ಮೂರಿಂದ ಬರ್ವಾಗ ತಂದಿದ್ ಬೀಜ ಕಣತ್ತಿಗೆ" ಎಂದಳು ಅವನ ಹೆಂಡತಿ. "ವರ್ಸವರ್ಸ ಎತ್ತಿಟ್ಟು ಆಕೋರು."

ಮಂಗಳಕ್ಕ ಮುಖ ತಿರುಗಿಸಿದಳು. "ಮೋಸದ್ ಕಾಳು" ಎಂದಳು.

ನಾನು ಪಕ್ಕದಲ್ಲೇ ಇದ್ದೆ. ಆಗಲೂ ಬಾಯಿ ಬಿಡಲಿಲ್ಲ. ಮೊದಲನೆಯ ಸುಳ್ಳಿಗಿಂತ ಈ ಸುಮ್ಮನಿರುವಿಕೆ ದೊಡ್ಡ ಪಾಪ ಎಂದು ನನಗೀಗ ಅನ್ನಿಸುತ್ತದೆ.

ಹೋದ ವಾರ ಊರಿನ ಕೆಲವು ಹುಡುಗಿಯರು ಮತ್ತೆ ಅದೇ ಮಾತು ಎತ್ತಿದ್ದಾರೆ — ಪಾರ್ಟಿ ಇಲ್ಲದವರನ್ನೂ ಕೇಳಿಯೇ ಆಳನ್ನು ಆರಿಸಬೇಕು ಎಂದು. ಮುಂದೆ ನಿಲ್ಲು ಬಾ ಎಂದು ಮಂಗಳಕ್ಕನನ್ನು ಕರೆದರಂತೆ. "ನನ್ ತಮ್ಮನೇ ಮೋಸ ಮಾಡ್ದ. ಇನ್ ಯಾರ್ನ ನಂಬಿ ಬರ್ಲಿ?" ಎಂದಳಂತೆ. ಅದು ಕಿವಿಗೆ ಬಿದ್ದ ಮೇಲೆ ಮಿಷನ್ ತುಳಿಯಲು ಕಾಲು ಬರಲಿಲ್ಲ. ಎದ್ದು ಹೋದೆ.

ಅಂಗಳದಲ್ಲಿ ದಂಟಿನಸೊಪ್ಪಿನ ಕಂತೆ ಕಟ್ಟುತ್ತಿದ್ದಳು. ನಿಂತೇ ಹೇಳಿದೆ. "ಅಕ್ಕ, ಸಿದ್ದರಾಜಣ್ಣಂಗೆ ಆ ಕಾಳು ನಾನೇ ಕೊಟ್ಟಿದ್ದು."

ಕೈ ನಿಂತಿತು. ಬೈಯಲಿ, ಹೊಡೆಯಲಿ ಎಂದು ಕಾದೆ. ಅವಳು ನನ್ನ ಕಡೆ ನೋಡಲೂ ಇಲ್ಲ.

"ಕರ್ಪೂರ ಅಚ್ತೀನಿ ಅಂದ" ಎಂದಳು. "ನಾನೇ ಬ್ಯಾಡ ಅಂದೆ."

ಇನ್ನೊಂದು ಸಲ ಅದನ್ನೇ ಹೇಳಿದಳು, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ಸೊಪ್ಪನ್ನು ಹಾಗೇ ಬಿಟ್ಟು ಒಳಗೆ ಹೋಗಿ ಕದ ಹಾಕಿಕೊಂಡಳು. ಸಿದ್ದರಾಜಣ್ಣನಿಗೆ ತೆರೆಯದಿದ್ದ ಕದ ಅದು. ಹೊರಗೆ ನಿಂತವರಿಗೆ ಹೇಗಿರುತ್ತದೆ ಎಂದು ನನಗೆ ಅವತ್ತು ತಿಳಿಯಿತು.

"ಸತ್ತೋನ್ಗೆ ಈಗೇಳಿ ಏನಾಗ್ಬೇಕು?" ಎನ್ನುತ್ತಾರೆ ನನ್ನ ಗಂಡ. ಅವನಿಗೆ ಏನೂ ಆಗುವುದಿಲ್ಲ, ಗೊತ್ತು. ಭಾನುವಾರ ಆ ಹುಡುಗಿಯರು ಕರೆದ ಸಭೆಗೆ ಸ್ಕೂಲಿನ ಹತ್ತಿರ ಎಲ್ಲರೂ ಸೇರುತ್ತಾರೆ. ಹೋಗಿ ಊರಿನ ಮುಂದೆ ಹೇಳುತ್ತೇನೆ. ಮಂಗಳಕ್ಕ ಬರುವುದಿಲ್ಲ. ಕರ್ಪೂರ ನಾನೇ ತೆಗೆದುಕೊಂಡು ಹೋಗುತ್ತೇನೆ. ಬೇಡ, ನಮ್ಮ ಮಣಿ ಸುಳ್ಳು ಹೇಳುವುದಿಲ್ಲ ಎನ್ನುವವರು ಈಗ ಯಾರೂ ಇಲ್ಲ.