ಉಟ್ಟರೆ ನನ್ನದಾಯ್ತು

ಸ್ನಾನದ ಕೋಣೆಯ ಬಾಗಿಲಿನಿಂದ ಹೊರಗೆ ಚಾಚಿಕೊಂಡ ಎರಡು ಒದ್ದೆ ಪಾದಗಳು. ಅಕ್ಕ ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಅದೇ. ದುಬೈಯ ಅಲ್ ಬರ್ಷಾದ ನಮ್ಮ ಫ್ಲ್ಯಾಟಿನ ಬಾತ್‌ರೂಮು ಎಷ್ಟು ಚಿಕ್ಕದೆಂದರೆ, ಅವರು ಗೋಡೆಗೊರಗಿ ಕಾಲು ಚಾಚಿ, ನನ್ನ ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಲು ಕೂತರೆ ಪಾದಗಳಿಗೆ ಒಳಗೆ ಜಾಗವೇ ಇರುತ್ತಿರಲಿಲ್ಲ. ನಲ್ಲಿಯಲ್ಲಿ ಬಿಸಿಲಿಗೆ ಕಾದ ನೀರು ಬರುತ್ತಿತ್ತು. "ಇಲ್ಲಿ ಹಂಡೆಗೆ ಬೆಂಕಿ ಹಾಕ್ಲಿಕ್ಕೇ ಇಲ್ಲ, ದೇವರೇ ಕಾಯಿಸಿ ಕೊಡ್ತಾನೆ," ಎಂದು ನಗುತ್ತಿದ್ದರು.

ಅಕ್ಕ ನನ್ನ ಒಡಹುಟ್ಟಿದವರಲ್ಲ, ಎದುರು ಫ್ಲ್ಯಾಟಿನವರು. ಉಡುಪಿ ಕಡೆಯವರು, ಮನೆಮಾತು ತುಳು. ನಾನು ದಾವಣಗೆರೆಯವಳು. ನನ್ನ ಹೆರಿಗೆಗೆ ಅಮ್ಮ ದುಬೈಗೆ ಬರಬೇಕಿತ್ತು. ಅಪ್ಪ ಹಾಸಿಗೆ ಹಿಡಿದರು, ಬರಲಾಗಲಿಲ್ಲ. ಆಸ್ಪತ್ರೆಯಿಂದ ಮಗುವನ್ನೆತ್ತಿಕೊಂಡು ಬಂದವಳು ಬಾಗಿಲಲ್ಲೇ ಅಳುತ್ತಾ ನಿಂತುಬಿಟ್ಟೆ. ಎದುರಿನ ಬಾಗಿಲು ತೆರೆಯಿತು. "ಎಂತ ಮಾರಾಯ್ತಿ, ಘಟ್ಟದ ಮೇಲಿನವರು ಹೆತ್ತರೆ ಹೀಗಾ ಅಳುವುದು? ಮೊದಲು ಕಿವಿಗೆ ಬಟ್ಟೆ ಕಟ್ಟು." ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡರು. "ಏಸಿ ಖಲಾಸ್," ಎಂದು ರಿಮೋಟನ್ನು ತಮ್ಮ ಮನೆಗೇ ಒಯ್ದರು. ಅಂದಿನಿಂದ ನನ್ನ ಬಾಣಂತನ ಪೂರ್ತಿ ಅವರದೇ. ಮೆಂತೆ ಗಂಜಿ, ಕಾಳುಮೆಣಸಿನ ಸಾರು, ಜೊತೆಗೆ ಹೊಟ್ಟೆ ತುಂಬ ಬೈಗುಳ.

ಬಾಣಂತನ ಮಾಡಿದವರಿಗೆ ಹೊಸ ಸೀರೆ ಕೊಡುವುದು ನಮ್ಮ ಕಡೆಯೂ ಇದೆ, ಅವರ ಕಡೆಯೂ ಇದೆ. ಮಗುವಿಗೆ ಹೆಸರಿಟ್ಟ ದಿನ ರೇಷ್ಮೆ ಸೀರೆ ಮುಂದಿಟ್ಟೆ. ಅಕ್ಕ ಮುಟ್ಟಲಿಲ್ಲ.

"ನನ್ನ ಬಾಣಂತನ ಮಾಡಿದವಳಿಗೆ ನಾನೇ ಇನ್ನೂ ಸೀರೆ ಕೊಟ್ಟಿಲ್ಲ. ಅದು ಕೊಡದೆ ನಿನ್ನದು ತಗೊಳ್ಳುವುದು ಹೇಗೆ? ಇಟ್ಟುಕೋ."

ಆಗ ಹೇಳಿದರು. ಮದುವೆಯಾಗಿ ಬಂದ ಹೊಸತರಲ್ಲಿ ಅವರಿದ್ದದ್ದು ಅಬುಧಾಬಿಯ ಬನಿಯಾಸಿನಲ್ಲಿ, ಹಲವು ಸಂಸಾರಗಳಿಗೆ ಒಂದೇ ಅಡುಗೆಮನೆಯಿದ್ದ ಮನೆಯಲ್ಲಿ. ಪಕ್ಕದ ಕೋಣೆಯಲ್ಲಿ ಶ್ರೀಲಂಕಾದ ಒಬ್ಬ ತಮಿಳು ಹೆಂಗಸು, ಆಸ್ಪತ್ರೆಯಲ್ಲಿ ಆಯಾ. ಅಕ್ಕನ ಚೊಚ್ಚಲ ಬಾಣಂತನ ಮಾಡಿದ್ದು ಅವಳು. ಅಕ್ಕ ಮಗುವನ್ನು ತೋರಿಸಲು ಊರಿಗೆ ಹೋಗಿ ಬರುವಷ್ಟರಲ್ಲಿ ಅವಳ ವೀಸಾ ಮುಗಿದಿತ್ತು, ಅವಳು ಹೊರಟುಹೋಗಿದ್ದಳು. ಫೋನ್ ನಂಬರಿಲ್ಲ. ಅವಳ ಊರು ಗುಡ್ಡದ ಮೇಲಿನ ಹಪುತಲೆ, ಮನೆಯ ಕಿಟಕಿಯಿಂದ ರೈಲು ಕಾಣುತ್ತದೆ. ಅಕ್ಕನ ಬಳಿ ಉಳಿದದ್ದು ಇಷ್ಟೇ.

ಮಗಳು ಶಾಲೆಗೆ ಹೋಗುವಂತಾದ ಮೇಲೆ ಅಕ್ಕನ ಯಜಮಾನರ ನಿವೃತ್ತಿ ಹತ್ತಿರ ಬಂತು. "ವೀಸಾ ಮುಗಿದರೆ ಊರು. ಊರಿಗೆ ಹೋದ ಮೇಲೆ ಈ ಮಂಡಿ ಹಿಡ್ಕೊಂಡು ನಾನು ಯಾವ ಲಂಕೆಗೆ ಹಾರುವುದು? ಈ ಈದ್ ರಜೆಗೆ ಆಗದಿದ್ದರೆ ಮತ್ತೆ ಇಲ್ಲ," ಎಂದರು. ಹೊರಟೆವು: ಅಕ್ಕ, ನಾನು, ನನ್ನ ಮಗಳು.

ಅಕ್ಕನ ಸೂಟ್‌ಕೇಸಿನ ತುಂಬ ಖರ್ಜೂರ, ಹಾಲಿನ ಪುಡಿ, ನೋವಿನ ಮುಲಾಮು, ಎಲ್ಲದರ ಮೇಲೆ ಆಯಾಳಿಗೆಂದು ಕೊಂಡ ಹೊಸ ಸೀರೆ. ತಮಗೆಂದು ತಂದದ್ದು ಎರಡು ಚೂಡಿದಾರ, ಒಂದು ನೈಟಿ. ಕ್ಯಾಂಡಿಯಲ್ಲಿ ತಿರುಗಾಡಿ ಹಪುತಲೆ ತಲುಪುವಾಗ ಎರಡೂ ಕೊಳೆಯಾಗಿದ್ದವು. ಹೋಮ್‌ಸ್ಟೇಗೆ ಹೋದವರೇ ಅಕ್ಕ ಎರಡನ್ನೂ, ಜೊತೆಗೆ ನಮ್ಮ ಬಟ್ಟೆಗಳನ್ನೂ ಒಗೆದು ಅಂಗಳದ ಹಗ್ಗಕ್ಕೆ ಹಾಕಿದರು. ದುಬೈಯಲ್ಲಿ ಬಾಲ್ಕನಿಗೆ ಹಾಕಿದ್ದು ಚಹಾ ಕುಡಿಯುವಷ್ಟರಲ್ಲಿ ಹಪ್ಪಳವಾಗುತ್ತದಲ್ಲ, ಅದೇ ಲೆಕ್ಕ. ನನಗೂ ತಪ್ಪೆನಿಸಲಿಲ್ಲ.

ಬೆಳಿಗ್ಗೆ ನೋಡಿದರೆ ಊರೇ ಮಂಜಿನಲ್ಲಿ ಮುಳುಗಿದೆ, ಬಟ್ಟೆಗಳಿಂದ ತಟತಟ ನೀರು. ಮಧ್ಯಾಹ್ನದ ರೈಲಿಗೆ ನಾವು ವಾಪಸ್. ಅಕ್ಕನ ಮೈಮೇಲೆ ನೈಟಿ ಮಾತ್ರ. ನನ್ನ ಮೈಮೇಲಿದ್ದ ಜೀನ್ಸ್ ಅವರ ತೋಳಿಗೂ ಹತ್ತುವುದಿಲ್ಲ.

"ಆ ಸೀರೆ ಉಡಿ ಅಕ್ಕಾ, ಒಂದು ಗಂಟೆಯ ಮಟ್ಟಿಗೆ. ಅವರಿಗೇನು ಗೊತ್ತಾಗುತ್ತೆ?"

"ನನಗೆ ಗೊತ್ತಾಗ್ತದಲ್ಲ! ಉಟ್ಟರೆ ಅದು ನನ್ನದಾಯ್ತು. ಉಟ್ಟದ್ದನ್ನು ಕೊಡ್ಲಿಕ್ಕೆ ಉಂಟಾ?"

ನೈಟಿಯ ಮೇಲೆ ನನ್ನ ಜಾಕೆಟ್ ಹೊದ್ದರು. ತಲೆಗೂ ಕಿವಿಗೂ ಟವೆಲ್, ಅವರ ಮಾತಿನಲ್ಲಿ ಬೈರಾಸು, ಸುತ್ತಿ ಬಿಗಿಯಾಗಿ ಗಂಟು ಹಾಕಿದರು. "ಅಮ್ಮಾ, ಆಂಟಿ ಈಸ್ ಗೋಯಿಂಗ್ ಔಟ್ ಇನ್ ಹರ್ ನೈಟಿ!" ಎಂದು ನನ್ನ ಮಗಳು ಕೂಗಿದಳು. ಮನೆಯಲ್ಲಿದ್ದಾಗ ಗಂಟೆ ಬಾರಿಸಿದರೂ ಶಾಲು ಹೊದೆಯದೆ ಬಾಗಿಲು ತೆಗೆಯದ ಹೆಂಗಸು ಇವರು. "ಯಲ್ಲಾ, ನಡಿ," ಎಂದು ಸೀರೆಯ ಚೀಲ ಎದೆಗವಚಿಕೊಂಡು ಹೊರಟೇಬಿಟ್ಟರು.

ಬೇಲಿಯಾಚೆ ಒಬ್ಬಳು ಹಗ್ಗದ ಮೇಲಿನ ನಮ್ಮ ಬಟ್ಟೆಗಳನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದಳು. "ಗಲ್ಫಿಂದ ಬಂದಿರಾ?" ಎಂದು ಹಿಂದಿಯಲ್ಲಿ ಕೇಳಿದಳು. ಅವಳೂ ಶಾರ್ಜಾದಲ್ಲಿ ಮನೆಗೆಲಸ ಮಾಡಿ ಬಂದವಳಂತೆ. "ಇಲ್ಲಿ ನಾವು ಒಲೆಯ ಮೇಲೆ ಒಣಗಿಸ್ತೀವಿ. ಬಂದ ಹೊಸತರಲ್ಲಿ ನಾನೂ ಹೀಗೇ ಹೊರಗೆ ಹಾಕಿದ್ದೆ, ಊರೆಲ್ಲ ನಗಾಡಿತ್ತು." ಅಕ್ಕ ಬನಿಯಾಸಿನ ಆಯಾಳ ವಿಚಾರ ತೆಗೆದರು. ಗಲ್ಫಿಗೆ ಹೋಗಿ ಬಂದವರೆಲ್ಲ ಆ ಊರಿನಲ್ಲಿ ಒಬ್ಬರಿಗೊಬ್ಬರು ಗೊತ್ತು. ಅವಳೇ ನಮ್ಮನ್ನು ಸ್ಟೇಷನ್ನಿನ ಹಿಂದಿನ ಓಣಿಗೆ ಕರೆದೊಯ್ದಳು.

ಸ್ವೆಟರ್ ತೊಟ್ಟ ಮುದುಕಿಯೊಬ್ಬಳು ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಅಕ್ಕ ಚೀಲ ಹಿಡಿದು ಮೆಟ್ಟಿಲ ಬುಡದಲ್ಲೇ ನಿಂತರು. ಇಷ್ಟು ವರ್ಷಗಳ ಮೇಲೆ ಗುರುತು ಸಿಗುತ್ತದೋ ಇಲ್ಲವೋ. ಮುದುಕಿ ನೈಟಿ ನೋಡಿದಳು, ಕಿವಿಗೆ ಕಟ್ಟಿದ ಬೈರಾಸು ನೋಡಿದಳು, ಸೊಪ್ಪು ಕೆಳಗಿಟ್ಟಳು.

"ಅಯ್ಯೋ ಹುಡುಗಿ, ನೀನಿನ್ನೂ ಬಾಣಂತನದಿಂದ ಎದ್ದಿಲ್ಲವಾ?"

ಬನಿಯಾಸಿನ ಅಡುಗೆಮನೆಯಲ್ಲಿ ಕಲಿತ ಹಿಂದಿಯಲ್ಲೇ ಕೇಳಿದಳು. ಅವಳು ಅಕ್ಕನನ್ನು ಹೆಚ್ಚು ನೋಡಿದ್ದು ಆ ವೇಷದಲ್ಲೇ ಅಲ್ಲವೇ! ನನ್ನನ್ನು ಅಳಬೇಡ ಎಂದು ಗದರಿದ್ದ ಅಕ್ಕ ಆ ಮೆಟ್ಟಿಲ ಮೇಲೆ ಕುಸಿದು ಕೂತು, ಅವಳ ಮಡಿಲಲ್ಲಿ ಮುಖವಿಟ್ಟು ಗಳಗಳನೆ ಅತ್ತರು. ನಾನೂ ಅತ್ತೆ.

ಅಕ್ಕ ಕೊಟ್ಟ ಸೀರೆಯನ್ನು ಮುದುಕಿ ಆಗಲೇ ಸ್ವೆಟರಿನ ಮೇಲೆಯೇ ಉಟ್ಟು, ನಮ್ಮನ್ನು ಬೀಳ್ಕೊಡಲು ಸ್ಟೇಷನ್ನಿಗೆ ಬಂದಳು. ಅಕ್ಕ ಕೊಲಂಬೊ ತನಕ ನೈಟಿಯಲ್ಲೇ ಕೂತಿದ್ದರು, ಮಹಾರಾಣಿಯ ಠೀವಿಯಿಂದ.

ಅವರು ದುಬೈ ಬಿಟ್ಟದ್ದು ಆಗಸ್ಟಿನಲ್ಲಿ. ಸಾಮಾನೆಲ್ಲ ಕಟ್ಟಿಯಾಗಿತ್ತು, ಕೆಳಗೆ ಟ್ಯಾಕ್ಸಿ ಕಾಯುತ್ತಿತ್ತು. ನಾನು ಅದೇ ರೇಷ್ಮೆ ಸೀರೆ ಹಿಡಿದುಕೊಂಡು ಹೋದೆ. ಅಕ್ಕ ಎರಡೂ ಕೈ ಚಾಚಿ ತೆಗೆದುಕೊಂಡರು, ಖಾಲಿ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿದರು. ಹೊರಗೆ ಬಂದಾಗ ಅದನ್ನೇ ಉಟ್ಟಿದ್ದರು, ಹಳೆಯ ಹಸಿರು ರವಿಕೆಯ ಮೇಲೆ. ಹಣೆಯಲ್ಲಿ ಆಗಲೇ ಬೆವರು.

"ಈ ಸೆಕೆಯಲ್ಲಿ ರೇಷ್ಮೆಯಾ ಅಕ್ಕಾ? ಊರಿಗೆ ಹೋಗಿ ಉಡಬಹುದಿತ್ತಲ್ಲ," ಎಂದೆ.

"ಸುಮ್ಮನಿರು ಮಾರಾಯ್ತಿ," ಎಂದರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾ. "ಈಗ ನನ್ನದಾಯ್ತು. ನೀನು ಬಾಣಂತನದಿಂದ ಎದ್ದೆ."